ನೀರು ಒಡೆಯುವ ಜಾಗ

ಒಂದು ಲೋಟ ಚಹಾಕ್ಕೆ ಕೆಳಗಿನ ಊರಿಗಿಂತ ಎರಡು ಪಟ್ಟು ಯಾಕೆ ಎಂದು ಎಂಜಿನಿಯರ್ ಕೇಳಿದ್ದೇ ತಡ, ಅಂಗಡಿಯ ಅಕ್ಕ ಬೆರಳು ಮಡಚುತ್ತ ಲೆಕ್ಕ ಒಪ್ಪಿಸತೊಡಗಿದಳು. ಸಿಲಿಂಡರು ನಲವತ್ತೊಂದು ತಿರುವು ಹತ್ತಿ ಬರಬೇಕು. ಕೆಳಗೆ ತಿಂಗಳು ಬಾಳುವ ಸಿಲಿಂಡರು ಇಲ್ಲಿ ಹನ್ನೆರಡು ದಿನಕ್ಕೆ ಬರಿದು. ನೀರಿಗೆ ವರ್ಷದಲ್ಲಿ ಎರಡು ತಿಂಗಳು ಒರತೆ, ಮಿಕ್ಕಂತೆ ಹಿಮ ಕರಗಿಸಬೇಕು. ಹತ್ತು ಬಕೆಟ್ ಹಿಮ ಹೊತ್ತು ತಂದರೆ ಎರಡು ಬಕೆಟ್ ನೀರು. ಚಳಿ ಹಿಡಿದ ಗಾಜಿನ ಲೋಟಕ್ಕೆ ಬಿಸಿ ಚಹಾ ಬಿದ್ದು ವಾರಕ್ಕೊಂದಾದರೂ ಟಪ್ಪನೆ ಸೀಳುತ್ತದೆ. ಸಕ್ಕರೆ ಕಲ್ಲಾಗುತ್ತದೆ, ಕುಟ್ಟುವುದಕ್ಕೆ ಒಂದು ಆಳಿನ ತೋಳು.

"ಇಷ್ಟೆಲ್ಲ ಆದಮೇಲೆ ನೀರು ಬೇಗ ಕುದಿಯುತ್ತೆ ಸಾರ್, ಅದರಲ್ಲಿ ಮೋಸ ಇಲ್ಲ. ಆದ್ರೆ ಬರೀ ಕುದಿಯುತ್ತೆ, ಬೇಯಿಸಲ್ಲ. ಇಷ್ಟು ಎತ್ತರಕ್ಕೆ ಬಂದ ನೀರು ಆಫೀಸರ್ ಇದ್ದ ಹಾಗೆ. ಸದ್ದು ಜಾಸ್ತಿ, ಕೆಲಸ ನಿಧಾನ."

ಮೂಲೆಯ ಬೆಂಚಿನಲ್ಲಿದ್ದ ಲಾರಿ ಡ್ರೈವರ್ ಬಾಯಲ್ಲಿದ್ದ ಬ್ರೆಡ್ಡು ಹೊರಬೀಳುವಂತೆ ನಕ್ಕ. ಒಮ್ಮೆ ಇದೇ ಇಳಿಜಾರಿನಲ್ಲಿ ಬ್ರೇಕಿಲ್ಲದೆ ಏಳು ತಿರುವು ಇಳಿದು ಬದುಕಿದವನಾದ್ದರಿಂದ ಅವನಿಗೆ ಬ್ರೇಕಪ್ಪನೆಂದೇ ಹೆಸರು. ಎಂಜಿನಿಯರ್ ನಗಲಿಲ್ಲ. ಚಹಾ ಮಾತ್ರ ಇನ್ನೊಂದು ಲೋಟ ತೆಗೆದುಕೊಂಡ.

ಅವನು ಬಂದದ್ದು ಅಂಗಡಿ ಕೆಡವಿಸುವುದಕ್ಕೆ. ಈ ಕಣಿವೆದಾರಿಯ ತುದಿಯನ್ನು ಎಲ್ಲರೂ ನೆತ್ತಿ ಎನ್ನುತ್ತಾರೆ. ನೆತ್ತಿಯಲ್ಲಿರುವುದು ಇದೊಂದೇ ತಗಡಿನ ಸೂರು. ಅದನ್ನು ತೆಗೆಸಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಬಿಸಿಲು ಮಗ್ಗುಲಿನ ಜಿಲ್ಲೆಯವರು ನೋಟಿಸು ಕೊಟ್ಟು ಆರು ತಿಂಗಳಾಗಿತ್ತು. ನೆರಳು ಮಗ್ಗುಲಿನ ಜಿಲ್ಲೆಯವರಿಗೆ ಅಂಗಡಿ ಇರಬೇಕು. ಅವರ ಟಪಾಲು ಗಾಡಿ ಕೆಟ್ಟು ನಿಲ್ಲುವುದು ಇಲ್ಲೇ, ಬಿರುಗಾಳಿ ಎದ್ದಾಗ ಅವರ ರಸ್ತೆ ಕೂಲಿಗಳು ಓಡಿ ಬರುವುದೂ ಇಲ್ಲಿಗೇ. ಆದರೆ ಗಡಿಕಲ್ಲು ಅಂಗಡಿಯ ಹಿಂಬಾಗಿಲಿನಿಂದ ಆರು ಹೆಜ್ಜೆ ಆಚೆ ನೆರಳು ಮಗ್ಗುಲಿನಲ್ಲಿ ನಿಂತಿತ್ತು. ಕಲ್ಲಿನ ಈಚೆಗಿರುವುದೆಲ್ಲ ಬಿಸಿಲು ಕಡೆಯವರದು. ಅಕ್ಕ ಎರಡು ಕಚೇರಿಗೂ ಅರ್ಜಿ ಹಾಕಿ ಹಾಕಿ, ಕೊನೆಗೆ ಇವತ್ತು ಇಬ್ಬರ ಎದುರಿಗೂ ಅಳತೆ ಆಗುವುದೆಂದು ನಿಗದಿಯಾಗಿತ್ತು. ಗಡಿ ಕಲ್ಲಿದ್ದಲ್ಲೇ ಇದ್ದರೆ ಇಪ್ಪತ್ತೆರಡು ವರ್ಷದ ಅಂಗಡಿ ತಿಂಗಳ ಕೊನೆಗೆ ಇರುವುದಿಲ್ಲ.

ಸುದ್ದಿ ಎರಡೂ ಮಗ್ಗುಲಿಗೆ ಹಬ್ಬಿತ್ತು. ಬೆಳಿಗ್ಗೆ ಎಂಟಕ್ಕೇ ಹನ್ನೊಂದು ಲಾರಿ ಸಾಲಾಗಿ ನಿಂತಿದ್ದವು. ಇಳಿಯುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ. ರಸ್ತೆ ಕೂಲಿಗಳು ಸಲಿಕೆಗೆ ಗದ್ದ ಊರಿ ನೋಡುತ್ತಿದ್ದರು. ಇಕ್ಕೆಲದ ಎರಡು ಶಿಖರಗಳು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದವು. ಅವುಗಳ ನಡುವಿನ ನೆಲ ಕುದುರೆಯ ಜೀನಿನಂತೆ ಬಾಗಿತ್ತು. ಬೆಟ್ಟದ ಸಾಲಿಗೆಲ್ಲ ಇದೇ ತಗ್ಗು, ರಸ್ತೆಗೆಲ್ಲ ಇದೇ ಎತ್ತರ. ಆ ಜೀನಿನ ಮೇಲೆ ಅಳತೆ ಮೇಡಂ ಮೂರು ಕಾಲಿನ ಉಪಕರಣ ನಿಲ್ಲಿಸಿ, ಟೋಪಿ ಹಾರದಂತೆ ಒಂದು ಕೈಯಲ್ಲಿ ಹಿಡಿದು, ಒಂದೇ ಕಣ್ಣಲ್ಲಿ ಲೋಕ ನೋಡುತ್ತಿದ್ದಳು. ಮೂವತ್ತು ದಾಟಿರದ ಹೆಂಗಸು, ಎರಡು ಜಿಲ್ಲೆಗೂ ಸೇರದ ಮೂರನೇ ಕಚೇರಿಯವಳು.

"ಏನು ಕಾಣ್ತದಮ್ಮ ಅದರಲ್ಲಿ?" ಬ್ರೇಕಪ್ಪ ಕೇಳಿದ.

"ತಲೆಕೆಳಗಾದ ನೀವು ಕಾಣ್ತೀರಿ. ಸ್ವಲ್ಪ ಪಕ್ಕಕ್ಕೆ ಸರೀರಿ."

ನೆರಳು ಮಗ್ಗುಲಿನಿಂದ ಬಂದಿದ್ದವನು ಒಬ್ಬ ಬಡಕಲು ಗುಮಾಸ್ತ. ಎದೆಗವಚಿಕೊಂಡ ಕಡತ ಬಿಟ್ಟರೆ ಅವನ ಬಳಿ ಅಧಿಕಾರವೆಂಬುದು ಇನ್ನೇನೂ ಇರಲಿಲ್ಲ. ಆದರೆ ಈ ದಾರಿಯ ಕಥೆಯೆಲ್ಲ ಅವನ ನಾಲಿಗೆಯ ಮೇಲಿತ್ತು. ಹಿಂದೆ ಇಲ್ಲಿ ನೆರಳು ಕಡೆಯ ಉಪ್ಪಿಗೆ ಬಿಸಿಲು ಕಡೆಯ ಧಾನ್ಯ. ಈ ಕಡೆಯ ಹೊರೆಯಾಳು ಆ ಕಡೆ ಇಳಿಯುವಂತಿರಲಿಲ್ಲ, ಆ ಕಡೆಯವನು ಈ ಕಡೆ ಇಳಿಯುವಂತಿರಲಿಲ್ಲ. ಇಬ್ಬರೂ ನೆತ್ತಿಗೆ ಬಂದು ಹೊರೆ ಬದಲಿಸಿಕೊಂಡು ತಿರುಗುತ್ತಿದ್ದರು. ಒಂದು ವರ್ಷ ಹೊರೆ ಬದಲಿಸುವಾಗ ಒಂದು ಹೇಸರಗತ್ತೆ ಉರುಳಿ ಸತ್ತಿತು. ಅದು ಸತ್ತದ್ದು ಯಾರ ನೆಲದಲ್ಲಿ ಎಂಬ ಜಗಳದಲ್ಲಿ ಹನ್ನೊಂದು ಮಂದಿ ಸತ್ತರು.

"ಕತ್ತೆಗಾಗಿ ಹನ್ನೊಂದು ಜನ?" ಎಂದ ಬ್ರೇಕಪ್ಪ.

"ಹೇಸರಗತ್ತೆ," ಗುಮಾಸ್ತ ತಿದ್ದಿದ. "ಅದಾದ ಮೇಲೇ ಒಪ್ಪಂದ ಆಗಿದ್ದು. ನೂರಾ ಎಂಬತ್ತು ವರ್ಷ ಆಯ್ತು. ಎರಡು ಜಿಲ್ಲೆಯ ಕಾಯ್ದೆ ಪುಸ್ತಕಕ್ಕೂ ಇವತ್ತಿಗೂ ಇದೇ ಬುಡ." ಅವನು ಕಡತ ಬಿಚ್ಚಿ, ಗಾಳಿಗೆ ಬೆನ್ನು ಕೊಟ್ಟು, ಗಂಟಲು ಸರಿಮಾಡಿಕೊಂಡು ಓದಿದ: "'ಬಿದ್ದ ನೀರು ಎಲ್ಲಿ ಎರಡಾಗಿ ಒಡೆಯುತ್ತದೆಯೋ ಅದೇ ಗಡಿಯಾಗತಕ್ಕದ್ದು. ಅಲ್ಲಿ ಬುಡಕ್ಕೆ ಇದ್ದಿಲು ತುಂಬಿ ಕಲ್ಲು ನೆಡತಕ್ಕದ್ದು.'"

"ಇದ್ದಿಲು ಯಾಕೆ?" ಎಂದು ಕೇಳಿದವಳು ಅಕ್ಕ.

"ಕಟ್ಟಿಗೆ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಇದ್ದಿಲಿಗೆ ಏನೂ ಆಗಲ್ಲ. ಕಲ್ಲು ಕದ್ದರೂ ಜಾಗ ಸಿಗಲಿ ಅಂತ ಹಳಬರು ಹಾಗೆ ಮಾಡೋರು."

ಅಕ್ಕನ ಗಂಡ, ಅಂಗಡಿಯ ಯಜಮಾನ, ಇಷ್ಟು ಹೊತ್ತೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನು ಒಳಗೆ ಹೋಗಿ, ತುಂಬಿದ್ದ ಬಕೆಟನ್ನು ಸುಮ್ಮನೆ ಎತ್ತಿ ಇನ್ನೊಂದು ಕಡೆ ಇಟ್ಟ. ಅರವತ್ತು ಮುಟ್ಟಿದ ಆಳು, ಮಾತು ಕಡಿಮೆ. ಇವತ್ತು ಬೆಳಿಗ್ಗೆಯಿಂದ ಆ ಕಡಿಮೆಯೂ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಅಳತೆ ಮೇಡಂ ಉಪಕರಣದಿಂದ ಕಣ್ಣು ತೆಗೆದು ಪುಸ್ತಕದಲ್ಲಿ ಬರೆದುಕೊಂಡಳು. ಮತ್ತೆ ಒಮ್ಮೆ ನೋಡಿದಳು. ಮತ್ತೆ ಬರೆದುಕೊಂಡಳು.

"ಕಲ್ಲು ಇರೋದು ನೆತ್ತಿಯಲ್ಲಲ್ಲ," ಎಂದಳು. "ಆಗಲೇ ಇಳಿಜಾರು ಶುರುವಾಗಿರೋ ಕಡೆ ಇದೆ. ಅಂಗಡಿಯ ನೆಲಕ್ಕಿಂತ ಎರಡು ಅಡಿ ತಗ್ಗು. ನೀರು ಅಲ್ಲಿ ಒಡೆಯೋಕೆ ಸಾಧ್ಯವೇ ಇಲ್ಲ."

ಜನರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಎಂಜಿನಿಯರ್ ಕೈ ಎತ್ತಿದ. "ಕಲ್ಲಿದ್ದಲ್ಲಿ ಗಡಿ. ಮೂರು ನಕ್ಷೆಯಲ್ಲೂ ಹಾಗೇ ಇದೆ."

"ನೀರು ಒಡೆದಲ್ಲಿ ಗಡಿ. ಕಲ್ಲು ಬರೀ ಸಾಕ್ಷಿ," ಎಂದ ಗುಮಾಸ್ತ.

"ಸಾಕ್ಷಿ ನೂರಾ ಎಂಬತ್ತು ವರ್ಷದಿಂದ ಒಂದೇ ಕಡೆ ನಿಂತು ಒಂದೇ ಮಾತು ಹೇಳ್ತಾ ಇದೆಯಲ್ಲ ಸ್ವಾಮಿ. ಅಂಥ ಸಾಕ್ಷಿ ಎಲ್ಲಿ ಸಿಗುತ್ತೆ?"

ಅಳತೆ ಮೇಡಂ ಅವರ ಜಗಳಕ್ಕೆ ಕಿವಿಗೊಡದೆ, "ನಾನು ಅಂಗಡಿ ಒಳಗೆ ನೋಡಬಹುದಾ?" ಎಂದು ಕೇಳಿದಳು.

"ಬನ್ನಿ, ಬನ್ನಿ. ಆದ್ರೆ ನೆಲ ನೋಡಿ ನಗಬೇಡಿ," ಎಂದು ಅಕ್ಕ ಮುಂದಾದಳು. "ಇವರೇ ಕೈಯಾರೆ ಹಾಸಿದ್ದು. ಇಪ್ಪತ್ತೆರಡು ವರ್ಷ ಆಯ್ತು, ಒಂದು ದಿನ ಈ ನೆಲ ಒರೆಸಿ ನನಗೆ ಸಮಾಧಾನ ಅನ್ನೋದು ಆಗಿಲ್ಲ. ನೀರು ಚೆಲ್ಲಿದ್ರೆ ಅರ್ಧ ಮುಂಬಾಗಿಲಿಗೆ ಹೋಗುತ್ತೆ, ಅರ್ಧ ಹಿಂಬಾಗಿಲಿಗೆ. ನಾನು ಯಾವ ಕಡೆ ಅಂತ ಬಟ್ಟೆ ಹಿಡ್ಕೊಂಡು ಓಡಲಿ? ನಾಲ್ಕು ಕಲ್ಲು ನೆಟ್ಟಗೆ ಹಾಸೋಕೆ ಬರದೋರನ್ನ ಕಟ್ಕೊಂಡು..."

ಅಳತೆ ಮೇಡಂ ಅವಳನ್ನೇ ನೋಡುತ್ತಿದ್ದಳು.

"ಅಕ್ಕಾ, ಈಗೊಂದು ಸಲ ಚೆಲ್ಲಿ."

ಅಷ್ಟರಲ್ಲಿ ಬಾಗಿಲಲ್ಲಿ, ಕಿಟಕಿಯಲ್ಲಿ ತಲೆಗಳು ತುಂಬಿದವು. ಹಿಂದಿನವರು ಮುಂದಿನವರ ಭುಜ ಹತ್ತುತ್ತಿದ್ದರು. ಮುಂಬಾಗಿಲಿಗೆ ಹೆಚ್ಚು ನೀರು ಎಂದವನೊಬ್ಬ, ಹಿಂಬಾಗಿಲಿಗೆ ಎಂದವನೊಬ್ಬ. ಸೋತವನು ಎಲ್ಲರಿಗೂ ಚಹಾ ಕೊಡಿಸಬೇಕೆಂದು ಬ್ರೇಕಪ್ಪ ನಿಂತಲ್ಲೇ ತೀರ್ಪು ಕೊಟ್ಟ. ಬೆಂಚುಗಳನ್ನು ಎತ್ತಿ ಮೇಜಿನ ಮೇಲಿಟ್ಟರು. ಅಕ್ಕ ಚೊಂಬಿನಲ್ಲಿ ನೀರು ತಂದು, ಎರಡನೇ ಮೇಜಿನ ಕಾಲ ಬಳಿ ಬಗ್ಗಿ ಮೆಲ್ಲಗೆ ಸುರಿದಳು.

ನೀರು ಒಂದು ಕ್ಷಣ ಎಲ್ಲಿಗೆ ಹೋಗಲೆಂದು ತಿಳಿಯದೆ ರೊಟ್ಟಿಯಗಲ ಹರಡಿ ನಿಂತಿತು. ಆಮೇಲೆ ಅದರ ಒಂದು ಅಂಚು ನಾಲಿಗೆ ಚಾಚಿ ಕಲ್ಲಿನ ಸಂದು ಹಿಡಿದು ಮುಂಬಾಗಿಲ ಕಡೆ ಹೊರಟಿತು. ಇನ್ನೊಂದು ಅಂಚು ಒಲೆಯ ಪಕ್ಕ ಹಾದು ಹಿಂಬಾಗಿಲ ಹೊಸ್ತಿಲಿನ ಕಡೆ. ಮುಂದಿನ ನೀರು ಹೊಸ್ತಿಲು ದಾಟಿ ಬ್ರೇಕಪ್ಪನ ಬೂಟು ನೆನೆಸಿದಾಗ ಹೊರಗೆ ಕೂಗೆದ್ದಿತು.

"ಜಲವಿಭಜಕ," ಎಂದಳು ಅಳತೆ ಮೇಡಂ. ಅವಳ ಕೆನ್ನೆ ಕೆಂಪಾಗಿದ್ದು ಚಳಿಗಲ್ಲ. "ಹನ್ನೆರಡು ವರ್ಷ ಓದಿದ್ದೀನಿ, ಬರೆದಿದ್ದೀನಿ. ಮೇಜಿನ ಕೆಳಗೆ ಇವತ್ತೇ ನೋಡಿದ್ದು. ಆ ಕಡೆ ಹೋದ ನೀರು ಒಂದು ಸಮುದ್ರಕ್ಕೆ, ಈ ಕಡೆ ಹೋದದ್ದು ಇನ್ನೊಂದಕ್ಕೆ."

"ನನ್ನ ಬೂಟಿನಲ್ಲಿ ಇರೋದು ಯಾವ ಸಮುದ್ರಕ್ಕೆ?" ಎಂದ ಬ್ರೇಕಪ್ಪ.

ಎಂಜಿನಿಯರ್ ಕೆಟ್ಟವನಲ್ಲ. ಅವನೂ ಬಗ್ಗಿ ನೋಡಿದ, ಮಂಡಿ ಒದ್ದೆ ಮಾಡಿಕೊಂಡ, ಎದ್ದು ನಿಂತ. "ಮೇಡಂ, ಇದು ಅಚ್ಚರಿಯೇ. ನಾನು ಒಪ್ತೀನಿ. ಆದ್ರೆ ಮೇಲಿನವರು ನನ್ನನ್ನ ಕೇಳೋದು ಕಲ್ಲು. ಹಳಬರೇ ತಪ್ಪು ಜಾಗದಲ್ಲಿ ನೆಟ್ಟರೋ, ನೆಲವೇ ಕುಸಿಯಿತೋ ನನಗೆ ಗೊತ್ತಿಲ್ಲ. ಕಲ್ಲು ಅಲ್ಲಿಂದ ಕದಲಿಲ್ಲ ಅಂದಮೇಲೆ ನಾನು ಅದಕ್ಕೇ ಸಹಿ ಹಾಕಬೇಕು. ಕದಲಿದೆ ಅಂತ ಹೇಳೋರು ಯಾರಾದರೂ ಇದ್ದಾರಾ?"

ಯಾರಿದ್ದಾರೆ? ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಂಡುತ್ತ ನಿಂತಳು.

"ಕದಲಿದೆ," ಎಂದ ಯಜಮಾನ.

ಅವನು ಒಲೆಯ ಹಿಂದೆ ನಿಂತಿದ್ದ. ಎಲ್ಲರೂ ತಿರುಗಿದರು. ಅಕ್ಕನಂತೂ ಗೋಡೆಯೇ ಮಾತಾಡಿತೇನೋ ಎಂಬಂತೆ ನೋಡಿದಳು.

"ನಾನೇ ಕದಲಿಸಿದ್ದು. ಅಂಗಡಿ ಹಾಕೋವಾಗ. ಈ ನೆತ್ತಿಯಲ್ಲಿ ಮಟ್ಟಸ ಅನ್ನೋದು ಇರೋದೇ ಇಷ್ಟು ಜಾಗ. ನಡುವೆ ಆ ಕಲ್ಲು. ಹೊರೆ ಇಳಿಸೋ ಕಲ್ಲು ಅಂದ್ಕೊಂಡೆ. ಹಾರೆ ಹಾಕಿ ಎಬ್ಬಿಸಿ ಹಿಂದಕ್ಕೆ ಉರುಳಿಸಿದೆ. ಗಾಳಿಗೆ ತಗಡು ಹಾರಬಾರದಲ್ಲ, ಅದಕ್ಕೇ ತಂತಿ ಕಟ್ಟಿದೆ. ಇವಳು ಮೇಲೆ ಬಂದದ್ದು ಆಮೇಲೆ, ಇವಳಿಗೆ ಗೊತ್ತಿಲ್ಲ."

"ರೀ," ಎಂದಳು ಅಕ್ಕ.

"ಮೂರು ವರ್ಷ ಆದಮೇಲೆ ನಕ್ಷೆಯವರು ಬಂದು ಕಲ್ಲಿಗೆ ಬಣ್ಣದಲ್ಲಿ ನಂಬರ್ ಬರೆದ್ರು. ಆಗ ತಿಳೀತು ಏನು ಕಲ್ಲು ಅಂತ. ಗಡಿಕಲ್ಲು ಮುಟ್ಟಿದ್ರೆ ಜೈಲು ಅಂತ ಅವರೇ ಮಾತಾಡ್ಕೋತಿದ್ರು. ಅವರಿಗೆ ಚಹಾ ಕೊಟ್ಟು ಸುಮ್ನಾದೆ."

ಎಂಜಿನಿಯರ್ ಗದ್ದ ತುರಿಸಿಕೊಂಡ. "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಅಂಗಡಿ ಉಳಿಸ್ಕೊಳ್ಳೋಕೆ ಯಾರಾದ್ರೂ ಈ ಮಾತು ಹೇಳ್ತಾರೆ. ನಾನಾಗಿದ್ರೂ ಹೇಳ್ತಿದ್ದೆ."

"ಇದ್ದಿಲು," ಎಂದ ಯಜಮಾನ. "ಅಗೆದಾಗ ಬುಡದಲ್ಲಿ ಕರಿ ಬಂತು. ಬೊಗಸೆ ಬೊಗಸೆ. ಹಿಂದೆ ಯಾರೋ ಇಲ್ಲಿ ಒಲೆ ಹೂಡಿದ್ರು, ಗಾಳಿ ಕಮ್ಮಿ ಇರೋ ಜಾಗ ಅವರಿಗೆ ಗೊತ್ತಿತ್ತು ಅಂದ್ಕೊಂಡೆ. ಒಲೆ ಉರಿದ ಜಾಗ ಚಹಾ ಅಂಗಡಿಗೆ ಒಳ್ಳೇದು ಅಂತ ಹಾಗೇ ಬಿಟ್ಟು ಮೇಲೆ ಚಪ್ಪಡಿ ಹಾಸಿದೆ. ಈ ಮೇಜಿನ ಕೆಳಗೆ."

ಗುಮಾಸ್ತ ಕಡತ ಬಿಚ್ಚಿ ಇದ್ದಿಲಿನ ಸಾಲಿನ ಮೇಲೆ ಬೆರಳಿಟ್ಟ. ಬ್ರೇಕಪ್ಪ ಆಗಲೇ ಹಾರೆ ತರಲು ಲಾರಿಗೆ ಓಡಿದ್ದ.

ಮೇಜು ಹೊರಗೆ ಹೋಯಿತು. ನಾಲ್ಕು ಜನ ಹಾರೆಗೆ ಜೋತುಬಿದ್ದರು. ಈ ಎತ್ತರದಲ್ಲಿ ಇಪ್ಪತ್ತೆಣಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ. ನಾಲ್ಕು ಜನ ಬಿಟ್ಟರೆ ಇನ್ನು ನಾಲ್ಕು ಜನ ಹಿಡಿದರು. ಇಪ್ಪತ್ತೆರಡು ವರ್ಷ ಒರೆಸಿಸಿಕೊಂಡ ಚಪ್ಪಡಿ ಕಿರ್ ಎಂದು ಒಂದು ಅಂಚು ಎತ್ತಿತು. ಮೊದಲು ಜಲ್ಲಿ ಕಂಡಿತು. ಯಜಮಾನ ಮಂಡಿಯೂರಿ ಕೈಯಲ್ಲೇ ಜಲ್ಲಿ ಬಗೆದ. ಮೊಣಕೈವರೆಗೆ ಇಳಿದ ಮೇಲೆ ಅವನ ಕೈ ನಿಂತಿತು. ಮುಷ್ಟಿ ಬಿಗಿದು ಮೇಲೆತ್ತಿ, ಅಳತೆ ಮೇಡಂ ಮುಂದೆ ಬೆರಳು ಬಿಡಿಸಿದ.

ಕರ್ರಗಿತ್ತು. ನಿನ್ನೆಯ ಒಲೆಯಿಂದ ತೆಗೆದಷ್ಟು ಕರ್ರಗೆ.

ಆಮೇಲೆ ಸ್ವಲ್ಪ ಹೊತ್ತು ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಲಾರಿಗಳವರು ಹಾರನ್ ಒತ್ತಿದರು. ಅದು ಒಂದು ಶಿಖರಕ್ಕೆ ಬಡಿದು ಇನ್ನೊಂದಕ್ಕೆ ಹೋಗಿ ತಿರುಗಿ ಬಂತು. ರಸ್ತೆ ಕೂಲಿಗಳು ಗುಮಾಸ್ತನನ್ನು ಎತ್ತಿಕೊಳ್ಳಲು ಹೋದರು. ಅವನು ಕಡತ, ಕಡತ ಎಂದು ಕೊಸರಿಕೊಂಡ. ಎಂಜಿನಿಯರ್ ಒಂದು ಚೂರು ಇದ್ದಿಲು ತೆಗೆದು ಕಾಗದದ ಮೇಲೆ ಗೀಚಿ ನೋಡಿದ. ಗೆರೆ ಮೂಡಿತು. ಅವನೂ ನಕ್ಕುಬಿಟ್ಟ.

ನಗು ಇಳಿದ ಮೇಲೆ ಅಕ್ಕ ಕೇಳಿದಳು, "ಇವರಿಗೆ ಜೈಲಾ?"

ಅಳತೆ ಮೇಡಂ ಪುಸ್ತಕ ತೆರೆದು, ಬರೆಯುತ್ತ ಬರೆಯುತ್ತಲೇ ಓದಿ ಹೇಳಿದಳು: "'ಗಡಿಕಲ್ಲು ಮೂಲ ಸ್ಥಳದಿಂದ ಹದಿನಾಲ್ಕು ಹೆಜ್ಜೆ ಸ್ಥಳಾಂತರಗೊಂಡಿರುವುದು ಕಂಡುಬಂದಿದೆ.'"

"ಸ್ಥಳಾಂತರಗೊಂಡಿದೆ," ಎಂದು ಎಂಜಿನಿಯರ್ ಮೆಲುಕು ಹಾಕಿದ. "ತಾನೇ ಎದ್ದು ನಡೆದ ಹಾಗೆ."

"ನಮ್ಮ ವರದಿಯಲ್ಲಿ ಎಲ್ಲವೂ ಹಾಗೇ ಸಾರ್. ರಸ್ತೆ ಹಾಳಾಗಿದೆ, ಹಣ ಖರ್ಚಾಗಿದೆ, ಕಡತ ಕಾಣೆಯಾಗಿದೆ. ಯಾರು ಅಂತ ಯಾವತ್ತಾದ್ರೂ ಬರೆದಿದ್ದೀವಾ?"

ಎಂಜಿನಿಯರ್ ಪೆನ್ನು ತೆಗೆದ. ಆದರೆ ಗುಮಾಸ್ತನಿಗೆ ಹಳೆಯ ಒಪ್ಪಂದದ ಮೇಲೆ ಭಕ್ತಿ ಹೆಚ್ಚು. "ಒಂದು ಸಾಲು ಇದೆ," ಎಂದು ಅವನು ಸಂಕೋಚದಿಂದ ಓದಿದ. "'ಕಲ್ಲು ಕದಲಿಸಿದವನು ಎರಡೂ ಕಡೆಯವರು ನೋಡುತ್ತಿರಲಾಗಿ ತಾನೇ ಅದನ್ನು ತಂದು ನಿಲ್ಲಿಸತಕ್ಕದ್ದು. ಬೇರೆಯವರು ಕೈ ಹಾಕತಕ್ಕದ್ದಲ್ಲ.' ಜೈಲು ಅಂತೇನೂ ಇಲ್ಲ."

ಯಜಮಾನ ಹಾರೆ ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟ. ಕಲ್ಲಿನಿಂದ ಸೂರಿನ ತಂತಿ ಬಿಚ್ಚಿ, ತಗಡು ಹಾರದಿರಲೆಂದು ಅದನ್ನು ಲಾರಿಯ ಕೊಕ್ಕೆಗೆ ಸಿಕ್ಕಿಸಿದ. ಕಲ್ಲಿನ ಬುಡಕ್ಕೆ ಹಾರೆ ಕೊಟ್ಟ. ಸೊಂಟದೆತ್ತರದ ಕಲ್ಲು, ಇಳಿಜಾರಿನಲ್ಲಿ ಮೇಲಕ್ಕೆ ಹದಿನಾಲ್ಕು ಹೆಜ್ಜೆ. ಮೊದಲ ಮಗುಚು ಸಲೀಸಾಗಿ ಆಯಿತು. ಎರಡನೆಯದಕ್ಕೆ ಅವನ ಕುತ್ತಿಗೆಯ ನರ ಎದ್ದಿತು. ಮೂರನೆಯದಕ್ಕೆ ಅವನು ಹಾರೆಗೆ ಹಣೆ ಆನಿಸಿ ನಿಂತುಬಿಟ್ಟ. ಕಲ್ಲು ಹಿಂದಕ್ಕೆ ಜಾರುವಂತಿತ್ತು. ನಲವತ್ತು ಜನ ಗಂಡಸರು ಕೈ ಚಾಚಿ, ಚಾಚಿದ ಕೈ ಹಿಂತೆಗೆದು ನಿಂತರು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದು ಕಲ್ಲಿಗೆ ಭುಜ ಕೊಟ್ಟಳು.

"ಅಮ್ಮಾ, ಬೇರೆಯವರು..." ಎಂದ ಗುಮಾಸ್ತ.

"ಬೇರೆಯವರು ಯಾರಪ್ಪ ಇಲ್ಲಿ? ಇಪ್ಪತ್ತೆರಡು ವರ್ಷ ಈ ಕಲ್ಲಿಗೆ ಹಗ್ಗ ಕಟ್ಟಿ ಇವರ ಬನಿಯನ್ನು ಒಣಗಿಸಿದವಳು ನಾನು. ನಿಮ್ಮ ಕಾಗದದಲ್ಲಿ ಹೆಂಡ್ತಿ ಬೇರೆಯವಳು ಅಂತ ಬರೆದಿದ್ರೆ ತೋರಿಸಿ."

ಗುಮಾಸ್ತ ಕಡತ ತಿರುವಿ ನೋಡಿದ. ಹಾಗೆಲ್ಲೂ ಬರೆದಿರಲಿಲ್ಲ.

"ನೆಲದ ವಿಷಯ ಹೇಳಬಾರದಿತ್ತಾ ನನಗೆ?" ಕಲ್ಲು ತಳ್ಳುತ್ತಲೇ ಅವಳು ಗಂಡನಿಗೆ ಹೇಳಿದಳು. "ಬೆಟ್ಟದ ತಪ್ಪಿಗೆ ನಿಮ್ಮನ್ನ ಎಷ್ಟು ಬೈದೆ."

"ಬೈಸ್ಕೊಳ್ಳೋದು ಜೈಲಿಗಿಂತ ವಾಸಿ ಅನ್ನಿಸ್ತು," ಎಂದ ಅವನು, ಉಸಿರು ಸಿಕ್ಕಾಗ.

ಒಂದೊಂದು ಮಗುಚಿಗೂ ಜನ ಎಣಿಸಿದರು. ಬಿಸಿಲು ಕಡೆಯವರು ಒಂದು ಸಂಖ್ಯೆ ಕೂಗಿದರೆ ನೆರಳು ಕಡೆಯವರು ಮುಂದಿನದು. ಹಿಂಬಾಗಿಲ ಹೊಸ್ತಿಲಲ್ಲಿ ಇಬ್ಬರೂ ಕುಳಿತು ಒಂದೇ ಲೋಟದಿಂದ ಬಿಸಿನೀರು ಕುಡಿದರು. ಒಲೆಯ ಪಕ್ಕ ಹಾಯುವಾಗ ಕಲ್ಲು ಒಂದು ಪಾತ್ರೆಯ ಗೂಡು ಕೆಡವಿತು. ಯಾರೂ ಅತ್ತ ನೋಡಲಿಲ್ಲ. ಇಪ್ಪತ್ತೊಂಬತ್ತನೇ ಮಗುಚಿಗೆ ಅದು ತನ್ನ ಹಳೆಯ ಕುಳಿಗೆ ಇಳಿಯಿತು. ಕುಳಿಗೂ ಕಲ್ಲಿಗೂ ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಆಗಲೇ ಎಲ್ಲರಿಗೂ ಕಂಡದ್ದು: ಕಲ್ಲು ಅಂಗಡಿಯ ನಟ್ಟನಡುವೆ ನಿಂತಿತ್ತು. ಒಲೆ, ಪಾತ್ರೆ, ಹಿಂದಿನ ಮಲಗುವ ಕೋಣೆ ನೆರಳು ಕಡೆಗೆ. ಬೆಂಚು, ಮೇಜು, ಮುಂಬಾಗಿಲು ಬಿಸಿಲು ಕಡೆಗೆ. ಎಂಜಿನಿಯರ್ ಕೆಂಪು ಬಣ್ಣದ ಡಬ್ಬಿ ತಂದು, ಕಲ್ಲಿನ ಎರಡೂ ಬದಿಗೆ ಗೋಡೆಯಿಂದ ಗೋಡೆಗೆ ನೆಲದ ಮೇಲೆ ಗೆರೆ ಎಳೆದ. ಅವನ ಮುಖದಲ್ಲಿ ಸಂಭ್ರಮವೂ ಇರಲಿಲ್ಲ, ಸೋತ ಭಾವವೂ ಇರಲಿಲ್ಲ.

"ಗೆರೆಯಿಂದ ಈಚೆಗೆ ನನ್ನ ನೋಟಿಸು ನಿಲ್ಲುತ್ತೆ ಅಕ್ಕ. ಅದನ್ನ ನಾನು ಬಿಡೋಕಾಗಲ್ಲ. ಆಚೆಗೆ ನಾನು ಕಾಲಿಡಲ್ಲ."

"ಆಚೆಗೆ ಕಾಲಿಡದಿದ್ರೆ ಚಹಾ ಹೆಂಗೆ ಕುಡೀತೀರಿ?" ಎಂದಳು ಅಕ್ಕ.

ಬಾಜಿ ಸೋತವರು ಯಾರೆಂಬುದು ಬಗೆಹರಿಯಲಿಲ್ಲ. ನೀರು ಎರಡು ಕಡೆಗೂ ಸಮ ಹೋಗಿತ್ತೆಂದು ಅಳತೆ ಮೇಡಂ ಹೇಳಿದ್ದರಿಂದ ಎಲ್ಲರೂ ತಮ್ಮ ತಮ್ಮ ಚಹಾಕ್ಕೆ ತಾವೇ ಕೊಟ್ಟು ಗಾಡಿ ಹತ್ತಿದರು.

ಒಂದು ವಾರದಲ್ಲಿ ಯಜಮಾನ ಮುಂದಿನ ಕೋಣೆ ಬಿಚ್ಚಿದ. ಆರು ಬೆಂಚು, ಮೂರು ಮೇಜು, ಹದಿಮೂರು ಅಡಿ ಸೂರು, ಗಾಳಿಗೆ ಅಡ್ಡವಾಗಿದ್ದ ಒಂದು ದಪ್ಪ ಗೋಡೆ ಹೋದವು. ಗಿರಾಕಿಗಳು ಇನ್ನು ಹೊರಗೆ ನಿಂತೇ ಕುಡಿಯಬೇಕು. ಬಿರುಗಾಳಿಯ ದಿನ ಹಿಂದಿನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟು ಎಂಟು ಜನರನ್ನು ಕೂರಿಸಬಹುದು, ಒಂಬತ್ತನೆಯವನು ನಿಲ್ಲಬೇಕು. ಒಲೆ ಉಳಿಯಿತು. ಅದರ ಮೇಲಿನ ಸೂರು ಉಳಿಯಿತು.

ಕೆಂಪು ಗೆರೆಯ ಮೇಲೆ ಹೊಸ ಗೋಡೆ ಎಬ್ಬಿಸುವಾಗ ಅವನು ಹಳೆಯ ಮುಂಗಿಟಕಿಯ ಗಾಜನ್ನು ಅದಕ್ಕೇ ಕೂರಿಸಿದ. ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಗಾಜಿನಿಂದ ಬಿಸಿಲು ಮೊದಲ ಸಲ ಒಲೆಯವರೆಗೆ ಬಂತು. ಅಕ್ಕ ಕೆಟಲಿನ ಮುಚ್ಚಳ ತೆಗೆದು, ಉಗಿಯಲ್ಲಿ ಬಿಸಿಲು ಏರುವುದನ್ನು ನೋಡುತ್ತ ನಿಂತಳು.